ಹುಳುಮನೆಯ ದೊಡ್ಡ ಅಕ್ಷರ

ಬೈಕು ನಿಲ್ಲಿಸುವ ಮೊದಲೇ ಚೆಲುವಯ್ಯ ಬಾಯಿ ತೆಗೆದಿದ್ದ.

"ಏನಮ್ಮಿ ಲತಾಮಣಿ, ಹುಳದ ಕೆಲ್ಸ ಗೊತ್ತಿಲ್ದಿದ್ರೆ ಕೇಂದ್ರ ಯಾಕೆ ಇಟ್ಕಂಡಿದ್ದೀಯ? ನೀನು ಬರ್ದಂಗೆ ಸೊಪ್ಪು ಕೊಟ್ಟೆ. ಅರ್ಧ ಹುಳ ಎದ್ದು ಮೇಯ್ತಾವೆ, ಅರ್ಧ ಇನ್ನೂ ಜ್ವರದಲ್ಲಿ ಮನಗವೆ."

ವಿರೂಪಾಕ್ಷಿಪುರದ ಚಾಕಿ ಕೇಂದ್ರ ಲತಾಮಣಿಯದು. ರೇಷ್ಮೆಯ ಮರಿಹುಳುಗಳನ್ನು ಒಂದಿಷ್ಟು ಬಲಿಯುವವರೆಗೆ ಸಾಕಿ ರೈತರ ಕೈಗೆ ಕೊಡುತ್ತಾಳೆ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚಲು ಮಲಗುವ ಹೊತ್ತು, ಇದು ಮೂರನೆಯದು. ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಅವಸರ ಮಾಡಿದರೆ ಒಂದು ಹುಳು ದಪ್ಪ, ಒಂದು ಸಣ್ಣದಾಗಿ ಬೆಳೆ ಕೆಡುತ್ತದೆ. ಈ ಸಲ ಕೊಟ್ಟದ್ದು ಬಿಳಿ ಗೂಡಿನ ಹೊಸ ತಳಿ. ಅದರ ನಡೆ ಊರಿನವರಿಗೆ ಹೊಸದು. ಅದಕ್ಕೇ ಯಾವಾಗ ಏನು ಮಾಡಬೇಕೆಂದು ತಿಳಿಸುವ ವೆಬ್ ಪುಟವೊಂದನ್ನು ಅವಳೇ ಕಲಿತು ಕಟ್ಟಿದ್ದಳು. ಆ ಪುಟದ ಮೇಲೆ ಅವಳಿಗೆ ಮಗಳ ಮೇಲಿನಷ್ಟೇ ಹೆಮ್ಮೆ.

ಅವಳು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು. ನಿನ್ನೆಯ ಒಂದೇ ಸಾಲಿನ ಮೂರು ಚೌಕಗಳಲ್ಲಿ ಸ್ಪಷ್ಟವಾಗಿತ್ತು: ಸೊಪ್ಪು, ಸಂಜೆ, ಬೇಡ.

"ಕಣ್ಣು ಕಾಣ್ತದಾ ಚೆಲುವಣ್ಣ? ಬೇಡ ಅಂತ ಐತೆ."

"ನಮ್ಮನೆ ಫೋನಲ್ಲಿ ಇರ್ನಿಲ್ಲ. ಈಗ ತಿದ್ದಿದ್ದೀಯ."

"ನಾನು ಸುಳ್ಳು ಹೇಳೋಳಾ? ನಡಿ ನಿನ್ನ ಮನೆಗೆ."

"ಬಾ. ಮುಂದ್ಲ ಬೆಳೆಗೆ ಮಾಗಡಿಯಿಂದ ಚಾಕಿ ತರ್ಸಾನ ಅಂತ ಊರೇ ಮಾತಾಡ್ತಾ ಐತೆ. ನಾಲ್ಕನೇ ಜ್ವರದಲ್ಲೂ ಹಿಂಗಾದ್ರೆ ನಾನೂ ಅತ್ಲಾಗೇ."

ಲತಾಮಣಿ ತನ್ನ ಬೈಕು ಹತ್ತಿ ಅವನ ಹಿಂದೆಯೇ ಹೊರಟಳು. ಊರು ಕೈಬಿಟ್ಟರೆ ಕೇಂದ್ರಕ್ಕೆ ಬೀಗ.

ಹುಳುಮನೆಯಲ್ಲಿ ಚೆಲುವಯ್ಯನ ಹೆಂಡತಿ ಸಿದ್ದಮ್ಮ ಔಷಧಿ ನೀರಲ್ಲಿ ಕೈ ಅದ್ದಿ ಸೊಪ್ಪಿನ ಮಂಕರಿ ಎತ್ತುತ್ತಿದ್ದಳು. ಫೋನು ಬಾಗಿಲ ಪಕ್ಕದ ಮೊಳೆಯಲ್ಲಿ ಚೀಲದೊಳಗೆ ನೇತಾಡುತ್ತಿತ್ತು. ದೂರದಿಂದ ಕಾಣಲೆಂದು ಅಕ್ಷರವನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿಟ್ಟಿದ್ದಳು. ಪರದೆ ತುಂಬಿ ನಿಂತಿದ್ದದ್ದು ಇಷ್ಟೇ: ಸೊಪ್ಪು, ಸಂಜೆ. 'ಬೇಡ' ಪರದೆಯಾಚೆ ಬಿದ್ದುಹೋಗಿತ್ತು.

"ಒಸಿ ಪಕ್ಕಕ್ಕೆ ಸರಿಸಿ ನೋಡ್ಬಾರ್ದಾ ಸಿದ್ದಕ್ಕ?"

"ಕೈ ತೊಳ್ಕಂಡು ಒಳಗೆ ಬಂದಮೇಲೆ ಫೋನು ಮುಟ್ತಾರೇನವ್ವ? ಮುಟ್ಟುದ್ರೆ ಹುಳಕ್ಕೆ ರೋಗ ಅಂತ ಹೇಳ್ಕೊಟ್ಟೋಳು ನೀನೇ."

ಲತಾಮಣಿ ತನ್ನ ಮೇಲೇ ಬಂದ ಸಿಟ್ಟನ್ನು ಬೈಕಿನ ಕಿಕ್ಕರ್ ಮೇಲೆ ತೀರಿಸಿಕೊಂಡು ಕೇಂದ್ರಕ್ಕೆ ಮರಳಿದಳು.

ಮೊದಲು, ಫೋನು ಎಷ್ಟು ಹಿಗ್ಗಿಸಿದರೂ ಪುಟದ ಅಕ್ಷರ ಹಿಗ್ಗದಂತೆ ಬಿಗಿದಳು. ಸಾಲೆಲ್ಲ ಪರದೆಯೊಳಗೆ ಬಂತು. ಮತ್ತೆ ಹುಳುಮನೆಗೆ ಹೋಗಿ ತೋರಿಸಿದರೆ ಸಿದ್ದಮ್ಮ ಬಾಗಿಲಲ್ಲಿ ಕಣ್ಣು ಕಿರಿದು ಮಾಡಿ, "ಇದೇನವ್ವ, ಹುಳದ ಮೊಟ್ಟೆ ಚೆಲ್ದಂಗೈತೆ" ಅಂದಳು.

ಅದನ್ನೂ ಕಿತ್ತೆಸೆದಳು. ಪುಟದ ಅಗಲ, ಎತ್ತರಕ್ಕೆ ತಾನು ಇಟ್ಟಿದ್ದ ಗಟ್ಟಿ ಅಳತೆ ಒಂದನ್ನೂ ಉಳಿಸಲಿಲ್ಲ. ಓದುವವರು ಇಟ್ಟುಕೊಂಡ ಅಕ್ಷರವೇ ಇನ್ನು ಅಳತೆಗೋಲು. ಅದು ಬೆಳೆದರೆ ಸಾಲಿನ ಎತ್ತರವೂ ಬೆಳೆಯಬೇಕು, ಅಗಲ ಸಾಲದಿದ್ದರೆ ಮಾತು ಆಚೆ ಬೀಳದೆ ಕೆಳಗಿಳಿಯಬೇಕು. ಸಿದ್ದಮ್ಮನ ಫೋನು ಒಪ್ಪಿತು. ಕೇಂದ್ರದಿಂದಲೇ ಚಾಕಿ ಒಯ್ದಿದ್ದ ಕಬ್ಬಾಳಿನ ಯಲ್ಲಮ್ಮನದು ಬೇರೆ ಬ್ರೌಸರ್. ಅದರಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿಹೋಗಿತ್ತು. ಬೈದುಕೊಂಡೇ ಅದನ್ನೂ ಸರಿಮಾಡಿದಳು. ಕೋಡಿಹಳ್ಳಿಯ ಲಿಂಗಯ್ಯನದು ಒಡೆದ ಗಾಜಿನ ಹಳೇ ಸಣ್ಣ ಫೋನು. ಅದನ್ನೂ ಬಿಡಲಿಲ್ಲ. ಹೋದ ಕಡೆಯೆಲ್ಲ ಫೋನನ್ನು ಮೊಳೆಗೆ ಹಾಕಿಸಿ, ಮಂಕರಿ ಹೊರಿಸಿ, ದೂರ ನಿಲ್ಲಿಸಿ ಓದಿಸಿದಳು.

ನಾಲ್ಕನೇ ಜ್ವರ ಬಂತು. ಮಾರನೇ ಸಂಜೆ ಚೆಲುವಯ್ಯ ಮಂಕರಿ ಹೊತ್ತು ಹುಳುಮನೆಯಲ್ಲಿ ನಿಂತಿದ್ದ.

"ಒಸಿ ಹುಳ ಎದ್ದವೆ ಕಣಮ್ಮಿ. ಹಾಕ್ಬುಡಾನಾ?"

ಸಿದ್ದಮ್ಮ ಬಾಗಿಲ ಕಡೆ ಗದ್ದ ಎತ್ತಿದಳು. ಮೊಳೆಯಲ್ಲಿದ್ದ ಫೋನಿನಲ್ಲಿ ಒಂದರ ಕೆಳಗೊಂದು ಮೂರು ಸಾಲು ಸೆಟೆದು ನಿಂತಿದ್ದವು. ಕೊನೆಯದು, ಎಲ್ಲಕ್ಕಿಂತ ಕಪ್ಪಗೆ: ಬೇಡ.

"ಅಷ್ಟು ದೊಡ್ಡದಾಗಿ ಐತೆ, ಕಾಣಾಕಿಲ್ವಾ? ಇಳ್ಸು ಮಂಕರಿಯ."

ಅವನು ಇಳಿಸಿದ.

ಬೆಳಿಗ್ಗೆ ಪುಟದಲ್ಲಿ 'ಹಾಕಿ' ಎಂದು ಬರುವ ಹೊತ್ತಿಗೆ ತಟ್ಟೆತಟ್ಟೆಯಲ್ಲೂ ಹುಳುಗಳೆಲ್ಲ ಎದ್ದು ತಲೆ ಎತ್ತಿ ಕಾಯುತ್ತಿದ್ದವು. ಹಾಕಿದ ಸೊಪ್ಪಿನ ಮೇಲೆ ಒಟ್ಟಿಗೇ ಮುಗಿಬಿದ್ದವು. ಮೂರನೇ ಜ್ವರದಲ್ಲಿ ಹಿಂದೆ ಬಿದ್ದವೂ ಸಾಲಿಗೆ ಬಂದಿದ್ದವು. ಕಬ್ಬಾಳಿನಿಂದ, ಕೋಡಿಹಳ್ಳಿಯಿಂದ ಅದೇ ಸುದ್ದಿ ಬಂತು.

ಲತಾಮಣಿ ಫೋನೆತ್ತಿದಾಗ ಚೆಲುವಯ್ಯನ ದನಿ ಎಂದಿನಂತೆ ಬೈಯುವ ಧಾಟಿಯಲ್ಲೇ ಇತ್ತು.

"ಮುಂದ್ಲ ಬೆಳೆಗೆ ಇನ್ನೂರು ಮೊಟ್ಟೆ ಗುಂಪಿನ ಚಾಕಿ ನಂಗೆ ಮಡಗು. ಊರೋರದ್ದೂ ಸೇರ್ಸಿ ಹೇಳ್ತೀನಿ."

"ಮಾಗಡಿಗೆ ಹೋಗೋದು ಏನಾಯ್ತು ಚೆಲುವಣ್ಣ?"

"ಯಾರದಾದ್ರೂ ಮದುವೆ ಇದ್ರೆ ಹೋಗ್ತೀನಿ ಬುಡು."

ಲತಾಮಣಿ ಎದೆ ಉಬ್ಬಿಸಿ ನಕ್ಕಳು. ಆ ನಗು ಆಚೆ ಬೀದಿಗೂ ಕೇಳಿಸಿತು.