ಒಂದೇ ಪೇಟ

ಕಾರ್ಗಿಲ್ ಯುದ್ಧ ಮುಗಿದ ಮರುವರ್ಷ, ಗಣರಾಜ್ಯೋತ್ಸವಕ್ಕೆ ವಾರವಿರುವಾಗ, ಬನಶಂಕರಿಯ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಗಂಗಾಧರಯ್ಯ ಮನೆಗೆ ಬಂದರು. ನಾನು ಎದ್ದು ಕುರ್ಚಿ ಎಳೆದೆ. ಅವರು ಕೂರಲೇ ಇಲ್ಲ.

"ಮೇಡಂ ಇದಾರಾ ಸಾರ್? ಅವ್ರು ಮಿಲಿಟ್ರೀಲಿದ್ರಂತೆ! ನಿಮ್ಮ ನಾದಿನಿ ದೇವಸ್ಥಾನದಲ್ಲಿ ಸಿಕ್ಕಿ ಹೇಳಿದ್ರು. ಈ ಸಲ ಸನ್ಮಾನ ಅವ್ರಿಗೇ."

ಇಷ್ಟು ದಿನ ಅವರಿಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿ ವಿಜಯಲಕ್ಷ್ಮಿ ಮಿಲಿಟರಿ ನರ್ಸ್ ಆಗಿದ್ದವಳು, ಅದೂ ಲೆಫ್ಟಿನೆಂಟ್ ದರ್ಜೆಯ ಅಧಿಕಾರಿ. ಎಪ್ಪತ್ತೊಂದರ ಯುದ್ಧದಲ್ಲಿ ಪಠಾಣ್‌ಕೋಟ್‌ನ ಆಸ್ಪತ್ರೆಯಲ್ಲಿದ್ದಳು. ಅದಕ್ಕೆ ಎರಡು ವರ್ಷ ಮೊದಲು ನಾನೂ ಸೇನೆಗೆ ಸೇರಲು ಸಾಲಿನಲ್ಲಿ ನಿಂತಿದ್ದೆ. ಟೇಪು ಹಿಡಿದವನು ಎದೆ ಅರ್ಧ ಇಂಚು ಕಡಿಮೆ ಎಂದು ಅಂಗಿ ಕೈಗೆ ಕೊಟ್ಟು ಕಳಿಸಿದ. ಮುಂದೆ ಹೆಣ್ಣು ನೋಡಲು ಹೋದ ಮನೆಯ ಗೋಡೆಯ ಮೇಲೆ ಯೂನಿಫಾರ್ಮಿನಲ್ಲಿದ್ದ ಅವಳ ಫೋಟೊ ಕಂಡು ನಾನು ಆಡಿದ ಮೊದಲ ಮಾತೇ "ಮದುವೆ ಆದ್ಮೇಲೆ ಕೆಲಸ ಬಿಡ್ಬೇಕು." ಬಿಟ್ಟಳು. ಆ ಫೋಟೊ ಇಪ್ಪತ್ತೈದು ವರ್ಷದಿಂದ ನಮ್ಮ ಅಟ್ಟದ ಮೇಲಿದೆ. ಇಟ್ಟವನು ನಾನೇ.

ಆ ವಾರವೆಲ್ಲ ನನಗೆ ಹೊಟ್ಟೆ ಉರಿ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದೆ; ಆಗಿರಲಿಲ್ಲ. ಯಡಿಯೂರು ಕೆರೆಯ ಹತ್ತಿರ ವಾಕಿಂಗ್ ಬರುವ ಗೆಳೆಯರು "ಏನ್ರೀ ಚಕ್ರಪಾಣಿ, ಮನೇಲಿ ಆರ್ಡರೆಲ್ಲ ಮೇಡಂದೇನಾ?" ಎಂದು ಕಿಚಾಯಿಸಿದರು. ಅಲ್ಲಿ ನಕ್ಕು, ಮನೆಗೆ ಬಂದು ಅವಳ ಮೇಲೆ ರೇಗಿದೆ.

"ನರ್ಸ್ ಕೆಲಸಕ್ಕೂ ಒಂದು ಸನ್ಮಾನ! ನೀನೇನು ಬಂದೂಕು ಹಿಡಿದಿದ್ಯಾ?"

ಅವಳು ಸೊಪ್ಪು ಬಿಡಿಸುತ್ತಿದ್ದಳು. "ಇಲ್ಲ ರೀ. ಬಂದೂಕು ಹಿಡ್ದೋರ ಕೈ ಹಿಡ್ಕೊಂಡಿದ್ದೆ," ಎಂದಳು.

ಗಣರಾಜ್ಯೋತ್ಸವದ ದಿನ ಆಟದ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಅವಳನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿದ ಮೇಲೆ ಗಂಗಾಧರಯ್ಯನವರಿಗೆ ಏನೋ ಸರಿಕಾಣಲಿಲ್ಲ. "ಮುತ್ತೈದೆ ಒಬ್ರನ್ನೇ ಕೂರಿಸಿದ್ರೆ ಚೆನ್ನಾಗಿರಲ್ಲ. ಸಾರ್, ನೀವೂ ಬನ್ನಿ, ದಂಪತಿ ಸಮೇತ ಮಾಡೋಣ," ಎಂದು ಮೈಕಿನಲ್ಲೇ ಕರೆದರು. ದಂಪತಿಗೆ ಸನ್ಮಾನವೆಂದರೆ ನಮ್ಮಲ್ಲಿ ಪೇಟ ಗಂಡಸಿನ ತಲೆಗೇ. ಜರಿಯಂಚಿನ ಮೈಸೂರು ಪೇಟ ನನ್ನ ತಲೆಗೇರಿತು, ಶಾಲು ಹೆಗಲಿಗೆ. ಅವಳಿಗೆ ಅರಿಶಿನ ಕುಂಕುಮ, ಒಂದು ಸೀರೆ, ಮಡಿಲಿಗೆ ತೆಂಗಿನಕಾಯಿ, ಬಾಳೆಹಣ್ಣು. ಪೇಟ ಸಡಿಲವಾಗಿ ಹುಬ್ಬಿನವರೆಗೆ ಜಾರುತ್ತಿತ್ತು. ಆದರೂ ವಾರದಲ್ಲಿ ಮೊದಲ ಸಲ ನನ್ನ ಹೊಟ್ಟೆ ತಣ್ಣಗಾಯಿತು.

ಆಗ ದ್ಯಾಮಣ್ಣ ವೇದಿಕೆ ಹತ್ತಿದ. ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಬೆಳಗಾವಿ ಕಡೆಯ ಮಾಜಿ ಸೈನಿಕ. ಟೋಪಿ ಸರಿ ಮಾಡಿಕೊಂಡು ನೇರ ನನ್ನತ್ತ ಬಂದ. ನಾನು ಎದೆ ಉಬ್ಬಿಸಿದೆ, ಅರ್ಧ ಇಂಚಿಗಿಂತ ಹೆಚ್ಚೇ. ಅವನು ನನ್ನನ್ನು ದಾಟಿ ವಿಜಯಲಕ್ಷ್ಮಿಯ ಎದುರು ಹಿಮ್ಮಡಿ ಬಡಿದು ಸೆಲ್ಯೂಟ್ ಹೊಡೆದ.

"ಜೈ ಹಿಂದ್ ಮೇಡಂ!"

ಅವಳು ಎದ್ದು ನಿಂತಳು. ಕೈ ಎತ್ತಲಿಲ್ಲ. ದ್ಯಾಮಣ್ಣನೂ ಕೈ ಇಳಿಸಲಿಲ್ಲ.

"ಸೆಲ್ಯೂಟ್ ಮಾಡೇ," ಎಂದು ಪಿಸುಗುಟ್ಟಿದೆ.

"ತಲೆ ಮೇಲೆ ಏನೂ ಇಲ್ದೆ ಸೆಲ್ಯೂಟ್ ಮಾಡೋ ಹಾಗಿಲ್ಲ ರೀ. ನಾನು ಮಾಡೋವರ್ಗೂ ಅವ್ರು ಕೈ ಇಳಿಸಲ್ಲ."

ಅಷ್ಟು ಹೇಳಿ ಪೇಟದ ಕಡೆ ನೋಡಿದಳು. ಕೇಳಲಿಲ್ಲ. ಮದುವೆಯಾದಾಗಿನಿಂದ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ನಾನು ಎರಡೂ ಕೈಯಿಂದ ಪೇಟವನ್ನು ಹಿಡಿದುಕೊಂಡೆ. ಕೊಡಲು ಮನಸ್ಸು ಬರಲಿಲ್ಲ, ಸುಳ್ಳೇಕೆ ಹೇಳಲಿ. ದ್ಯಾಮಣ್ಣನ ವಯಸ್ಸಾದ ತೋಳು ನಡುಗಲು ಶುರುವಾಯಿತು.

ಕೊಟ್ಟೆ. ಸೀರೆ, ಕಾಯಿ, ಹಣ್ಣು ಎಲ್ಲ ನನ್ನ ಶಾಲಿನ ಮಡಿಲಿಗೆ ಬಂತು. ನನಗೆ ಸಡಿಲವಾಗಿದ್ದ ಪೇಟ ಅವಳಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅದಕ್ಕೂ ಹೊಟ್ಟೆ ಉರಿಯಿತು. ಅವಳು ಬೆನ್ನು ನೆಟ್ಟಗೆ ಮಾಡಿ ಕೈ ಎತ್ತಿದಳು. ಅಟ್ಟದ ಮೇಲಿನ ಫೋಟೊದ ಮುಖ ಅದು. ನಮ್ಮ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಪಠಾಣ್‌ಕೋಟ್‌ನಲ್ಲಿ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದವರು ಕಣ್ಣು ಬಿಟ್ಟಾಗಲೆಲ್ಲ ನೋಡಿದ್ದು ಈ ಮುಖವನ್ನು. ಕಾಯಿ, ಬಾಳೆಹಣ್ಣು ಹಿಡಿದು ನಿಂತಿದ್ದ ನನಗೆ ಆ ಗಾಯಾಳುಗಳ ಮೇಲೆ ಹೊಟ್ಟೆಕಿಚ್ಚಾಯಿತು.