ಕತ್ತಲಲ್ಲಿ ಮೊಳೆತ ಕಾಳು

ಆ ಮನೆಯಲ್ಲಿ ಸಂಜೆ ಏಳಾದರೆ ಎಲ್ಲ ಕೆಲಸವೂ ನಿಲ್ಲಬೇಕು. ಒಲೆಯ ಮೇಲಿನ ಪಾತ್ರೆ ಇಳಿಯಬೇಕು, ರೇಡಿಯೊ ಬಾಯಿ ಮುಚ್ಚಬೇಕು. ದೊಡ್ಡ ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ ಕೂತು, ನಲವತ್ತು ವರ್ಷದ ಹಿಂದೆ ತಾವೇ ಕೈಯಾರೆ ಬರೆದ ಪ್ರಶ್ನೋತ್ತರದ ನೋಟುಬುಕ್ಕನ್ನು ತೊಡೆಯ ಮೇಲೆ ಬಿಚ್ಚಿಕೊಂಡರೆ, ಹತ್ತು ವರ್ಷದ ಮೊಮ್ಮಗಳು ಎದುರಿಗೆ ಕೈಕಟ್ಟಿ ನಿಂತು ಉತ್ತರ ಒಪ್ಪಿಸಬೇಕು. ಒಂದು ಪದ ಆಚೀಚೆಯಾದರೆ ಗೋಡೆಗೆ ಮುಖ. ಆ ಬೀದಿಯ ಎರಡು ತಲೆಮಾರು ಅದೇ ನೋಟುಬುಕ್ಕನ್ನು ಉರು ಹೊಡೆದು ಪಾಸಾಗಿತ್ತು. ಅದೇ ವಿದ್ಯೆ ಎಂದು ಎಲ್ಲರೂ ನಂಬಿದ್ದರು.

ಸೊಸೆಯೂ ಅವರ ಶಿಷ್ಯೆಯೇ. ಆ ನೋಟುಬುಕ್ಕಿನಿಂದಲೇ ನೂರಕ್ಕೆ ನೂರು ತೆಗೆದವಳು. ಆ ಅಂಕ ನೋಡಿಯೇ ಮೇಷ್ಟ್ರು ಅವಳನ್ನು ಮನೆ ತುಂಬಿಸಿಕೊಂಡದ್ದು. ಈಗ ಕಚೇರಿಯೊಂದರಲ್ಲಿ ಟೈಪಿಸ್ಟ್. ಕೊಟ್ಟದ್ದನ್ನು ಒಂದಕ್ಷರ ತಪ್ಪಿಲ್ಲದೆ ಟೈಪು ಮಾಡುತ್ತಾಳೆ. ಅದರಲ್ಲಿ ಏನಿತ್ತು ಎಂದರೆ ಹೇಳಲಾರಳು.

ಅವಳ ಮಗಳು ಹಾಗಲ್ಲ. ಬೀದಿಯವರು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದರು. ಸೋಪಿನ ಗುಳ್ಳೆ ಯಾಕೆ ಉರುಟು, ಹಾಲು ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ. ಅವಳ ಕಾಟಕ್ಕೆ ಹಾಲಿನವನು ಗೇಟಿನಲ್ಲೇ ಹಾಲಿಟ್ಟು ಓಡುತ್ತಿದ್ದ.

'ಬೀಜ ಮೊಳೆಯಲು ನೀರು, ಗಾಳಿ ಮತ್ತು ಬೆಳಕು ಬೇಕು' ಎಂದಿತ್ತು ನೋಟುಬುಕ್ಕಿನಲ್ಲಿ. ಯಾಕಮ್ಮ ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ನಾಲ್ಕು ಕಾಳಿಟ್ಟು, ಮುಚ್ಚಿ, ಮಂಚದ ಕೆಳಗೆ ತಳ್ಳಿದಳು. ಮೂರನೇ ದಿನ ಕಾಳಿಗೆ ಬಾಲ ಬಂದಿತ್ತು. ಪರೀಕ್ಷೆಯಲ್ಲಿ ಬೆಳಕು ಬೇಡ ಎಂದು ಬರೆದು ಸೊನ್ನೆ ತಂದಳು. ಡಬ್ಬಿಯನ್ನು ತಾತನ ಮುಂದೆ ಹಿಡಿದರೆ ಅವರು ಒಳಗೆ ನೋಡಲೇ ಇಲ್ಲ. ಕಾಳು ಸಮೇತ ಕಿಟಕಿಯಿಂದಾಚೆ ಎಸೆದು, ಒಂದು ವಾರ ದಿನಕ್ಕೊಂದು ಗಂಟೆ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿ ಅದೇ ವಾಕ್ಯ ಹೇಳಿಸಿದರು. ಬಸ್ಸು ಓಡಿಸಿ ದಣಿದು ಬಂದ ಅವಳಪ್ಪ, ತಾತನಿಗೆ ಎದುರಾಡಬೇಡ ಎಂದು ಟವೆಲು ಹೆಗಲಿಗೇರಿಸಿ ಬಚ್ಚಲಿಗೆ ಹೋದ. ಅಮ್ಮ ಅವನ ಊಟಕ್ಕೆ ತಟ್ಟೆ ಹಾಕಿದಳು.

ಎಂಟನೇ ದಿನದಿಂದ ಯಾಕಮ್ಮ ಯಾಕೆ ಎನ್ನುವುದನ್ನೇ ಬಿಟ್ಟಳು. ಎರಡು ತಿಂಗಳು. ಹಾಲಿನವನು ತಾನಾಗಿ ನಿಂತು ಮಾತಾಡಿಸಿದರೂ ತಲೆ ತಗ್ಗಿಸಿ ಒಳಗೆ ಬರುತ್ತಿದ್ದಳು. ಊಟ ಅರ್ಧಕ್ಕೆ ಬಿಡುತ್ತಿದ್ದಳು. ಶಾಲೆಯ ಪ್ರಗತಿ ಪತ್ರದಲ್ಲಿ 'ಬಹಳ ಸುಧಾರಿಸಿದ್ದಾಳೆ' ಎಂದು ಬರೆದಿದ್ದರು. ಮಗುವಿನ ಬಾಯಿ ಕಟ್ಟಿ, ಅದನ್ನೇ ಸುಧಾರಣೆ ಎಂದು ಸಹಿ ಹಾಕುವ ನಮ್ಮಂಥವರನ್ನು ಯಾವ ಗೋಡೆಯ ಮುಂದೆ ನಿಲ್ಲಿಸಬೇಕು?

ಒಂದು ಭಾನುವಾರ ಬೆಳಿಗ್ಗೆ ಸೊಸೆ ಅಡುಗೆಮನೆಯ ಕಪಾಟಿನಿಂದ, ಬಟ್ಟೆಯಲ್ಲಿ ಕಟ್ಟಿ ಮುಚ್ಚಿಟ್ಟಿದ್ದ ಕಾಳನ್ನು ತೆಗೆದಳು. ಗಂಟು ಬಿಚ್ಚಿದರೆ ಅರ್ಧ ಬೆರಳುದ್ದ ಮೊಳಕೆ. ಕೈ ಅಲ್ಲೇ ನಿಂತಿತು. ಹನ್ನೆರಡು ವರ್ಷದಿಂದ ವಾರವಾರವೂ ಇದೇ ಕೈ ಕತ್ತಲಲ್ಲಿ ಕಾಳಿಟ್ಟು ಮೊಳಕೆ ಬರಿಸಿದೆ. ಬೆಳಕು ಬೇಕು ಎಂದು ಬರೆದು ನೂರಕ್ಕೆ ನೂರು ತೆಗೆದದ್ದೂ ಇದೇ ಕೈ. ಒಂದು ದಿನವೂ ಅವಳಿಗೆ ಅನುಮಾನ ಬಂದಿರಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಮೈಯೆಲ್ಲ ಉರಿಯಿತು.

ಆ ಸಂಜೆ ಮೇಷ್ಟ್ರ ಹಳೆಯ ಶಿಷ್ಯರೊಬ್ಬರು ಬಂದಿದ್ದರು. ಈಗ ಅವರೇ ಯಾಕಮ್ಮನ ಶಾಲೆಯ ಹೆಡ್ಮಾಸ್ಟರು. ಮೊಮ್ಮಗಳು ದಾರಿಗೆ ಬಂದದ್ದನ್ನು ತೋರಿಸಲು ಮೇಷ್ಟ್ರು ಅದೇ ಪ್ರಶ್ನೆ ಹಾಕಿದರು. ಹುಡುಗಿ ಕೈಕಟ್ಟಿ, ನೀರು, ಗಾಳಿ ಎಂದು ಶುರುಮಾಡಿದಳು.

"ಸಾಕು, ನಿಲ್ಸು ಪುಟ್ಟಿ," ಎಂದಳು ಅಮ್ಮ. ಮೊಳಕೆ ಕಾಳಿನ ಪಾತ್ರೆ ತಂದು ನೋಟುಬುಕ್ಕಿನ ಮೇಲೆಯೇ ಇಟ್ಟಳು. "ಮಾವ, ಇದು ಎರಡು ದಿನ ಕಪಾಟಿನ ಕತ್ತಲಲ್ಲಿತ್ತು. ಒಂದ್ಸಲ ಬಗ್ಗಿ ನೋಡಿ."

ಮೇಷ್ಟ್ರು ಬಗ್ಗಲಿಲ್ಲ. "ಅಡುಗೆಮನೆ ಬೇರೆ, ಪಾಠ ಬೇರೆ. ಇದನ್ನ ಬರೆದ್ರೆ ಅಂಕ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ. ಕಣ್ಣಿದ್ದೂ ಕುರುಡಿಯಾಗಿದ್ದಕ್ಕೆ ನನಗೆ ನೂರು ಕೊಟ್ರಿ. ನನ್ನ ಮಗಳಿಗೆ ಆ ನೂರು ಬೇಡ."

ಹೆಡ್ಮಾಸ್ಟರು ಕೆಮ್ಮಿ, ಮಕ್ಕಳೆಲ್ಲ ಪ್ರಶ್ನೆ ಕೇಳುತ್ತಾ ಕೂತರೆ ಪಾಠ ಮುಗಿಯುವುದು ಯಾವಾಗ ಎಂದರು. ಮುಗಿಸಿಬಿಡಬೇಕು ಅಂತ ಯಾಕೆ ಅಷ್ಟು ಆತುರ, ಮೂವತ್ನಾಲ್ಕು ವರ್ಷದವಳು ನಾನು, ನನ್ನ ಪಾಠ ಇವತ್ತು ಬೆಳಿಗ್ಗೆಯಷ್ಟೇ ಶುರುವಾಗಿದೆ ಎಂದಳು ಅವಳು.

ಮೇಷ್ಟ್ರು ಮೊಮ್ಮಗಳಿಗೆ ಬೆರಳಿನಿಂದ ಗೋಡೆ ತೋರಿಸಿದರು. ಹುಡುಗಿ ತಿರುಗುವಷ್ಟರಲ್ಲಿ ಅಮ್ಮ ಅವಳ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇನ್ಮೇಲೆ ಈ ಮನೇಲಿ ಒಪ್ಪಿಸೋದೂ ಇಲ್ಲ, ಗೋಡೆ ನೋಡ್ಕೊಂಡು ನಿಲ್ಲೋದೂ ಇಲ್ಲ, ಮಾವ."

ಹುಡುಗಿ ಪಾತ್ರೆಯಿಂದ ಒಂದು ಕಾಳು ಎತ್ತಿಕೊಂಡು ಅತ್ತಿತ್ತ ತಿರುಗಿಸಿ ನೋಡಿದಳು.

"ಅಮ್ಮ, ತಾತ ಎಸೆದ ಕಾಳು ಕಿಟಕಿ ಕೆಳಗೆ ಬೇರು ಬಿಟ್ಟು ಬೆಳೆದಿದೆ. ನಾನು ದಿನಾ ನೋಡ್ತೀನಿ. ಅದು ಹಸಿರು, ಇದು ಬಿಳಿ. ಯಾಕೆ?"

ನೂರಕ್ಕೆ ನೂರು ತೆಗೆದವಳು ಹೆಡ್ಮಾಸ್ಟರ ಎದುರಿಗೇ ತಲೆಯೆತ್ತಿ ಹೇಳಿದಳು: "ನನಗೆ ಗೊತ್ತಿಲ್ಲ ಕಣೇ. ನಡಿ, ಹೋಗಿ ನೋಡೋಣ."