ಒಂದೇ ಸಲಕ್ಕೆ ಸ್ಟಾರ್ಟ್ ಆದ ಕಾರು

ಕಾರು ಸಿಕ್ಕಿದೆ, ಮನುಷ್ಯ ಸಿಕ್ಕಿಲ್ಲ. ಪೊಲೀಸರ ಫೋನಿನ ಸಾರಾಂಶ ಇಷ್ಟೇ. ಅದು ಬಂದಾಗ ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಹಲ್ಲು ಕೀಳಿಸಿಕೊಂಡವರೊಬ್ಬರ ಬಾಯಿಗೆ ಹತ್ತಿಯುಂಡೆ ಒತ್ತಿ ಹಿಡಿದಿದ್ದಳು. ಎಂಟು ತಿಂಗಳಿಂದ ಫೋನು ಗುಂಯ್ ಎಂದರೆ ಸಾಕು, ಕೈಯಲ್ಲಿ ಏನಿದ್ದರೂ ಬಿಟ್ಟು ಓಡುವುದು ರೂಢಿಯಾಗಿಹೋಗಿತ್ತು. ಡಾಕ್ಟರು ಬೈದೂ ಬೈದೂ ಸುಸ್ತಾಗಿ ಸುಮ್ಮನಾಗಿದ್ದರು. "ಗಟ್ಟಿಯಾಗಿ ಕಚ್ಚಿ ಹಿಡ್ಕೊಳ್ಳಿ" ಎಂದು ರೋಗಿಗೆ ಹೇಳಿ ಅವಳು ಹೊರಗೆ ಬಂದು ಕೇಳಿಸಿಕೊಂಡಳು.

ಕಾರು ಇದ್ದದ್ದು ಬಾಗಿಲು ಮುಚ್ಚಿದ ಆಫೀಸು ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಎಂಟು ತಿಂಗಳ ಹಿಂದೆ ಕಾಣೆಯಾದ ಅವಳ ಗಂಡ ಲಿಫ್ಟ್ ರಿಪೇರಿಯವನು. ಆ ಕಟ್ಟಡದ ಲಿಫ್ಟನ್ನೂ ಒಂದು ಕಾಲಕ್ಕೆ ಅವನೇ ನೋಡಿಕೊಳ್ಳುತ್ತಿದ್ದ. ಮಾಲೀಕರಾದ ಅಣ್ಣತಮ್ಮಂದಿರು ಹಾವು ಮುಂಗುಸಿಗಳಾಗಿ ಕೋರ್ಟು ಹತ್ತಿದ ಮೇಲೆ ಕಟ್ಟಡಕ್ಕೆ ಬೀಗ ಬಿದ್ದಿತ್ತು; ನೆಲಮಾಳಿಗೆಗೆ ಇಳಿಯುವ ದಾರಿ ಮಾತ್ರ ತೆರೆದೇ ಇತ್ತು. ಎಷ್ಟೋ ತಿಂಗಳ ಮೇಲೆ ಪಂಪು ನೋಡಲು ಕೆಳಗಿಳಿದ ವಾಚ್‌ಮನ್ನನಿಗೆ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತ ಕಾರು ಕಂಡಿತು. ಪೊಲೀಸರು ಮೊದಲು ಹುಡುಕಿದ್ದು ಲಿಫ್ಟಿನ ತಳದ ಹೊಂಡದಲ್ಲಿ. ಏಣಿ ಇಳಿಸಿ, ಟಾರ್ಚು ಬಿಟ್ಟು ನೋಡಿದರು. ಸಿಕ್ಕಿದ್ದು ಮುರಿದ ಕೊಡೆ ಮತ್ತು ಪಾರಿವಾಳದ ಪುಕ್ಕ. ಕಾರಿನ ಡಿಕ್ಕಿಯನ್ನು ತಂತಿ ಹಾಕಿ ತೆರೆದು, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮುಚ್ಚಿದರು. ಬಾನೆಟ್ ಎತ್ತುವ ಗೋಜಿಗೆ ಹೋಗಲಿಲ್ಲ. ಅಲ್ಲಿ ಹೆಣ ಹಿಡಿಸುವುದಿಲ್ಲವಲ್ಲ. ಇನ್ನೊಂದು ಕೀ ಇದ್ದರೆ ಬಂದು ಗಾಡಿ ತೆಗೆದುಕೊಂಡು ಹೋಗಿ ಎಂದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಕೆಟ್ಟ ಕಾಲ ಬಂದು ಇಬ್ಬರನ್ನೂ ಒಂದು ಮಾಡಿತ್ತು. ಮೊದಲೆಲ್ಲ ಉಪ್ಪು ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದರ ಮೇಲೆ ವಾರಗಟ್ಟಲೆ ಮಾತು ಬಿಟ್ಟವರು, ಆತ ಮನೆಗೆ ಬಾರದ ಮೊದಲ ವಾರದಲ್ಲೇ ಒಂದೇ ಕೋಣೆಯಲ್ಲಿ ಮಲಗತೊಡಗಿದರು. ಅತ್ತೆಯ ಗೊರಕೆ ಕೇಳಿದರೆ ಮಾತ್ರ ಸೊಸೆಗೆ ನಿದ್ದೆ, ಸೊಸೆ ಮಗ್ಗುಲಾದರೆ ಅತ್ತೆಗೆ ಎಚ್ಚರ. ಬೀದಿಯವರು ಸುಮ್ಮನಿರುತ್ತಾರೆಯೇ? ಓಡಿಹೋಗಿದ್ದಾನೆ ಎಂದರು, ಯಾರೋ ಇದ್ದಾಳೆ ಎಂದರು. ಎದುರು ಮನೆಯಾಕೆ ಅದನ್ನೇ ಸ್ವಲ್ಪ ಬೆಣ್ಣೆ ಸವರಿ ಕೇಳಿದಾಗ ಅತ್ತೆ ಗೇಟಿನ ತನಕ ಹೋಗಿ, "ನನ್ನ ಸೊಸೆ ಸುದ್ದಿಗೆ ಬಂದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ" ಎಂದು ಬಂದಿದ್ದರು. ನನ್ನ ಮಗ ನನಗೆ ಹೇಳದೆ ಹೋಗುವವನಲ್ಲ. ಎಲ್ಲೋ ತಲೆಗೆ ಪೆಟ್ಟು ಬಿದ್ದು, ಹೆಸರು ಮರೆತು, ಯಾವುದೋ ಆಸ್ಪತ್ರೆಯಲ್ಲಿದ್ದಾನೆ. ಅತ್ತೆಯ ವಾದ ಇದು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಅವರು. ಸೊಸೆಯೂ ಆ ಮೂರು ಕಾಲನ್ನೇ ನಂಬಿಕೊಂಡು ಎಂಟು ತಿಂಗಳು ನೂಕಿದ್ದಳು. ಆದರೆ ಹೋದ ತಿಂಗಳು, ಗುರುತು ಹಿಡಿಯಲು ಬನ್ನಿ ಎಂದು ಶವಾಗಾರದಿಂದ ಕರೆ ಬಂತು. ಇಬ್ಬರೂ ಕೈ ಹಿಡಿದುಕೊಂಡು ಹೋಗಿ ನೋಡಿದರು. ಅವನಲ್ಲ. ಅವತ್ತಿನಿಂದ ಅತ್ತೆಗೆ ಊಟ ಸೇರದಾಯಿತು. ಎರಡು ತುತ್ತು ತಿಂದು ಕೈತೊಳೆಯುತ್ತಿದ್ದರು. ಬಳೆಗಳು ಮೊಣಕೈ ತನಕ ಜಾರತೊಡಗಿದ್ದವು. ಈ ಜೀವವೂ ಕೈಬಿಟ್ಟು ಹೋದರೆ ತನ್ನ ಗತಿಯೇನು ಎಂಬುದೊಂದೇ ಈಗ ಸೊಸೆಯ ಹೆದರಿಕೆ.

ಅವಳು ಬೀದಿ ಕೊನೆಯ ಗ್ಯಾರೇಜಿನ ಹಾರನ್‌ನನ್ನು ಕರೆದುಕೊಂಡು ಹೊರಟಳು. ಅವನಿಗೊಂದು ಒಳ್ಳೆಯ ಹೆಸರು ಅಪ್ಪ ಅಮ್ಮ ಇಟ್ಟಿದ್ದಿರಬೇಕು. ಆದರೆ ಬಾಯಿ ತೆರೆದರೆ ಮುಚ್ಚದ ಮೆಕ್ಯಾನಿಕ್‌ಗೆ ಬೀದಿಯವರು ಇಟ್ಟ ಹೆಸರೇ ನಿಂತಿತು. ಇನ್ನೊಂದು ಬ್ಯಾಟರಿ, ಗಾಳಿ ಪಂಪು, ಒಂದು ಕ್ಯಾನು ಪೆಟ್ರೋಲು ಎಲ್ಲವನ್ನೂ ಅವನು ಆಟೋದಲ್ಲಿ ಹೇರಿಕೊಂಡ.

"ಅಕ್ಕಾ, ಎಂಟು ತಿಂಗಳು ನಿಂತ ಗಾಡಿ ಅಂದ್ರೆ ತಮಾಷೆ ಅಲ್ಲ. ಬ್ಯಾಟರಿ ಸತ್ತಿರುತ್ತೆ, ಟೈರು ಕೂತಿರುತ್ತೆ, ಬ್ರೇಕು ಕಚ್ಕೊಂಡಿರುತ್ತೆ, ಇಲಿ ಸಂಸಾರ ಹೂಡಿರುತ್ತೆ. ಇವತ್ತೇ ಮನೆಗೆ ತಗೊಂಡ್ ಹೋಗ್ತೀನಿ ಅಂತ ಆಸೆ ಇಟ್ಕೋಬೇಡಿ."

"ಆದಷ್ಟು ನೋಡು" ಎಂದಳು ಅವಳು.

ನೆಲಮಾಳಿಗೆಯಲ್ಲಿ ಹಳೆಯ ಸಿಮೆಂಟಿನ ವಾಸನೆ. ಇಳಿಜಾರಿನಿಂದ ಬರುವ ಬೆಳಕು ಅರ್ಧ ದಾರಿಗೇ ನಿಲ್ಲುತ್ತಿತ್ತು. ಕಾರಿಗೆ ಬಟ್ಟೆ ಹೊದಿಸಿದೆ ಎಂದು ಪೊಲೀಸರು ಹೇಳಿದಾಗ, ವಾಚ್‌ಮನ್ ಹೊದಿಸಿರಬೇಕು ಎಂದುಕೊಂಡಿದ್ದಳು. ಹತ್ತಿರ ಹೋಗಿ ನೋಡಿದರೆ ಅದು ಅತ್ತೆಯೂ ಅವಳೂ ಕೂತು ಹಳೆಯ ಪರದೆಗಳನ್ನು ಜೋಡಿಸಿ ಹೊಲಿದ ಹೊದಿಕೆ. ಮನೆಯಲ್ಲಿ ಅದರ ಜಾಗ ಅಟ್ಟದ ಮೇಲೆ. ಸಂಜೆಗೆ ಬರುತ್ತೇನೆಂದು ಹೊರಟವನು ಅಟ್ಟ ಹತ್ತಿ ಅದನ್ನು ಯಾಕೆ ಇಳಿಸಿದ? ಮೊದಲೇ ಡಿಕ್ಕಿಯಲ್ಲಿ ಇದ್ದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಹಾರನ್ ಹೊದಿಕೆ ಎಳೆದ. ಮುಂದಿನ ವೈಪರುಗಳೆರಡೂ ಗಾಜಿಗೆ ಅಂಟದ ಹಾಗೆ ಎದ್ದು ನಿಂತಿದ್ದವು. ಅವುಗಳ ಅಂಚಿಗೆ ಬಟ್ಟೆ ಚೂರು ಸುತ್ತಿತ್ತು.

"ಪರವಾಗಿಲ್ವೇ, ಭಾವ ನೀಟಾದ ಮನುಷ್ಯ" ಎಂದ ಹಾರನ್. ಬಗ್ಗಿ ಚಕ್ರ ನೋಡಿ, "ಅಬ್ಬಾ, ಮರದ ತುಂಡು ಬೇರೆ ಇಟ್ಟಿದ್ದಾರೆ" ಎಂದ.

ಅವಳೂ ಬಗ್ಗಿ ನೋಡಿದಳು. ಮಾವನವರ ಮುರಿದ ಮಂಚದ ಕಾಲನ್ನು ಓರೆಯಾಗಿ ಕೊಯ್ದು ಮಾಡಿದ ತುಂಡುಗಳು. ಕೊಯ್ಯುವಾಗ ಹಿಡಿದುಕೊಂಡಿದ್ದವಳು ಅವಳೇ. ಮೂರು ವರ್ಷದ ಹಿಂದೆ ಕೆಲಸದಲ್ಲಿ ಕಾಲು ಮುರಿದುಕೊಂಡು ಗಂಡ ಮನೆ ಹಿಡಿದಿದ್ದಾಗ, ಕುರ್ಚಿಯಲ್ಲಿ ಕೂತು ಅವಳ ಕೈಯಿಂದಲೇ ಕಾರನ್ನು ಮಲಗಿಸಿದ್ದ. ಕಾರು ನಿಲ್ಲಿಸುವುದಕ್ಕೂ ಮಲಗಿಸುವುದಕ್ಕೂ ವ್ಯತ್ಯಾಸವಿದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. "ನಾಳೆ ಬರೋನು ಹ್ಯಾಂಡ್‌ಬ್ರೇಕ್ ಎಳೀತಾನೆ. ತಿಂಗಳುಗಟ್ಟಲೆ ಹೋಗೋನು ಮರದ ತುಂಡು ಇಡ್ತಾನೆ" ಎಂದಿದ್ದ. ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ಬ್ರೇಕು ಹಿಡಿದುಕೊಂಡುಬಿಡುತ್ತದಂತೆ.

ಅವಳು ತನ್ನ ಕೀಯಿಂದ ಬಾಗಿಲು ತೆಗೆದು ಒಳಗೆ ಕೈಹಾಕಿದಳು. ಹ್ಯಾಂಡ್‌ಬ್ರೇಕ್ ಕೆಳಗಿತ್ತು.

ಆಮೇಲಿನದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು. ಹಾರನ್ ಮಾತ್ರ ಒಂದೊಂದಕ್ಕೂ ಬೆರಗಾಗಿ ಕೂಗಿ ಹೇಳುತ್ತಿದ್ದ. ಅವನಿಗೆ ಅದು ಕೆಲಸದ ಖುಷಿ; ಅವಳಿಗೆ ಗಾಯದ ಮೇಲೆ ಬರೆ. ಬ್ಯಾಟರಿಯ ತಂತಿ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿಟ್ಟಿದ್ದಾರೆ ಅಕ್ಕಾ. ಬಟ್ಟೆ ಗಂಡನ ಹಳೆಯ ನೀಲಿ ಗೀರಿನ ಅಂಗಿಯದು. ಸೈಲೆನ್ಸರ್ ಬಾಯಿಗೆ ಚಿಂದಿ ತುರುಕಿದ್ದಾರೆ ಅಕ್ಕಾ, ಇಲಿ ಹೋಗದ ಹಾಗೆ. ಟ್ಯಾಂಕು ಕಂಠಪೂರ್ತಿ ಇದೆ ಅಕ್ಕಾ. ಖಾಲಿ ಬಿಟ್ಟಿದ್ರೆ ಒಳಗೆ ತುಕ್ಕು ಹಿಡಿದುಬಿಡ್ತಿತ್ತು.

"ನಾನೇನು ಬರಬೇಕಾಗಿತ್ತು? ಇದನ್ನ ಯಾರು ಬೇಕಾದ್ರೂ ಸ್ಟಾರ್ಟ್ ಮಾಡಬಹುದು" ಎಂದು ಹಾರನ್ ತಂತಿ ಸಿಕ್ಕಿಸಿ, ಚಿಂದಿ ಎಳೆದು, ಚಕ್ರಗಳಿಗೆ ಒಂದಿಷ್ಟು ಗಾಳಿ ತುಂಬಿದ. ತಂದಿದ್ದ ಬ್ಯಾಟರಿಯನ್ನು ಮುಟ್ಟಲೂ ಇಲ್ಲ. "ಹಾಕಿ ಅಕ್ಕಾ ಕೀ."

ಆಗಬಾರದು ಎಂದುಕೊಂಡಳು. ಗಟಗಟ ಅಂದು ಸುಮ್ಮನಾಗಲಿ, ಎಲ್ಲೋ ಒಂದು ತಂತಿ ತುಂಡಾಗಿರಲಿ, ಅವನು ಏನಾದರೂ ಒಂದನ್ನು ಮರೆತಿರಲಿ. ಅವಸರದಲ್ಲಿ ಹೋದವನು ಒಂದಾದರೂ ಮರೆಯುತ್ತಾನೆ. ಮನಸ್ಸಿಲ್ಲದ ಮನಸ್ಸಿನಿಂದ ಹೋದವನು ಎರಡು ಮರೆಯುತ್ತಾನೆ. ಕೀ ತಿರುಗಿಸಿದಳು. ಕಾರು ಸ್ವಲ್ಪ ನರಳಿ, ಒಂದು ಬಾಯಿ ಬಿಳಿ ಹೊಗೆ ಉಗುಳಿ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಿನ್ನೆ ಸಂಜೆ ತಂದು ನಿಲ್ಲಿಸಿದ ಗಾಡಿಯ ಹಾಗೆ ಓಡತೊಡಗಿತು.

ಹಾರನ್ ಚಪ್ಪಾಳೆ ತಟ್ಟಿದ. ಅವಳ ಮುಖ ನೋಡಿ ಕೈ ಇಳಿಸಿದ. ಅವನು ಮಾತುಗಾರ ನಿಜ, ಪೆದ್ದನಲ್ಲ. ಎಂಟು ತಿಂಗಳಿಂದ ಬೀದಿ ಏನು ಮಾತಾಡುತ್ತಿದೆ ಎಂಬುದು ಅವನಿಗೂ ಗೊತ್ತು. ಸ್ವಲ್ಪ ಹೊತ್ತು ಕೈ ಒರೆಸಿಕೊಂಡ.

"ಅಕ್ಕಾ, ಒಂದ್ ಮಾತು ಹೇಳ್ಲಾ? ಇಷ್ಟು ಜೋಪಾನ ಮಾಡಿದೋರು ವಾಪಸ್ ಬರೋಕೇ ಮಾಡಿರ್ತಾರೆ. ಬರಲ್ಲ ಅನ್ನೋನು ಯಾರಾದ್ರೂ ಇಷ್ಟು ಕಷ್ಟಪಡ್ತಾನಾ?"

ಆ ಮಾತಿಗೆ ಅವಳ ಎದೆಯಲ್ಲಿ ಏನೋ ಒಂದು ಚೂರು ಆಡಿತು. ನಿಜವಿರಬಹುದಲ್ಲ. ಮುಂದಿನ ಸೀಟಿನೆದುರಿನ ಡಬ್ಬಿ ತೆರೆದು, ಒಂದು ಚೀಟಿ, ಒಂದು ಗೀಚು ಏನಾದರೂ ಇದೆಯೇ ಎಂದು ನೋಡಿದಳು. ಚೀಟಿ ಇರಲಿಲ್ಲ. ಇದ್ದದ್ದು ಅವನ ಕೀ ಗೊಂಚಲು. ಕಾರಿನದು, ಅದರ ಪಕ್ಕದಲ್ಲಿ ಮನೆಯ ಮುಂಬಾಗಿಲಿನದು, ಅತ್ತೆಯ ಔಷಧಿ ಕಪಾಟಿನದು. ಬಾಗಿಲಿನ ಗುಬುಟು ಒತ್ತಿ, ಕೀ ಒಳಗೇ ಬಿಟ್ಟು, ಹೊರಗಿನಿಂದ ದೂಡಿ ಬೀಗ ಬೀಳಿಸಿ ಹೋಗಿದ್ದಾನೆ. ಬರುವವನು ಕೀ ಇಟ್ಟುಕೊಂಡಿರುತ್ತಾನೆ.

"ಬರಬಹುದು" ಎಂದಳು ಹಾರನ್‌ಗೆ. ಪಾಪ, ಅವನು ಒಳ್ಳೆಯದಕ್ಕೇ ಹೇಳಿದ್ದ.

ಅವನನ್ನು ಆಟೋದಲ್ಲಿ ಕಳಿಸಿ ಅವಳು ಒಬ್ಬಳೇ ಕಾರು ಓಡಿಸಿಕೊಂಡು ಹೊರಟಳು. ಅಳು ಬರಲಿಲ್ಲ, ಸಿಟ್ಟು ಬಂತು. ಬ್ಯಾಟರಿಗೆ ಅಂಗಿ ಹರಿದು ಸುತ್ತಿದವನಿಗೆ ಹೆತ್ತ ತಾಯಿಗೆ ಒಂದು ಮಾತು ಹೇಳಬೇಕೆನಿಸಲಿಲ್ಲ. ಇಲಿಗೆ ಹೆದರಿದವನು, ತುಕ್ಕಿಗೆ ಹೆದರಿದವನು, ಮನೆಯಲ್ಲಿ ಎರಡು ಜೀವ ತುಕ್ಕು ಹಿಡಿಯುತ್ತವೆ ಎಂದು ಯೋಚಿಸಲಿಲ್ಲ. ಶವಾಗಾರದಲ್ಲಿ ಬಟ್ಟೆ ಸರಿಸುವಾಗ ಅತ್ತೆಯ ಉಗುರು ತನ್ನ ಅಂಗೈಯಲ್ಲಿ ಊರಿದ್ದು ನೆನಪಾಯಿತು. ತಾನೇನು ಮಾಡಿದ್ದೆ? ಯಾವ ಮಾತು ಮುಳ್ಳಾಯಿತು? ಆ ಬೆಳಿಗ್ಗೆಯನ್ನು ಹಿಂದೆ ಮುಂದೆ ಎಳೆದು ನೋಡಿದಳು. ಲಿಫ್ಟ್ ನಿಂತಿದೆಯಂತೆ, ಸಂಜೆಗೆ ಬರ್ತೀನಿ ಎಂದಿದ್ದ. ಬರ್ತಾ ಬ್ರೆಡ್ ತನ್ನಿ ಎಂದಿದ್ದಳು. ಅಷ್ಟೇ.

ಈಗ ಅತ್ತೆಗೆ ಏನು ಹೇಳುವುದು? ಏನೂ ಗೊತ್ತಾಗಲಿಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡರೆ ಎಲ್ಲ ಹಾಗೇ ಉಳಿಯುತ್ತದೆ. ಒಂದೇ ಕೋಣೆ, ಒಂದೇ ದುಃಖ. ಆದರೆ ಹಾಗೇ ಉಳಿದರೆ ಅತ್ತೆ ಉಳಿಯುವುದಿಲ್ಲ. ಹೆಣ ನೋಡಿ ಬಂದ ಮೇಲೆ ಆ ಮುದುಕಿ ದಿನಕ್ಕಿಷ್ಟು ಸಾಯುತ್ತಿದೆ. ಸಾಯಲು ಹೊರಟವನು ಇಲಿಗೂ ತುಕ್ಕಿಗೂ ಹೆದರುವುದಿಲ್ಲ. ಮಗ ಬದುಕಿದ್ದಾನೆ ಎಂದು ಹೇಳಬಲ್ಲವಳು ಈ ಲೋಕದಲ್ಲಿ ತಾನೊಬ್ಬಳೇ. ಕೀ ಗೊಂಚಲಿನ ಮಾತು ತನ್ನಲ್ಲೇ ಇರಲಿ, ಬದುಕಿದ್ದಾನೆ ಎಂಬುದನ್ನು ಅವರಿಗೆ ಕೊಟ್ಟುಬಿಡೋಣ ಎಂದು ತೀರ್ಮಾನ ಮಾಡಿದಳು. ಕೊಡುವ ಸಮಾಧಾನ ಅವಳಿಗೂ ಸ್ವಲ್ಪ ಆಯಿತು.

ಇಂಜಿನ್ನಿನ ಸದ್ದಿಗೇ ಅತ್ತೆ ಬರಿಗಾಲಲ್ಲಿ ಗೇಟಿಗೆ ಬಂದಿದ್ದರು. ಡ್ರೈವರ್ ಸೀಟಿನಲ್ಲಿ ಸೊಸೆಯನ್ನು ನೋಡಿ ಗೇಟಿನ ಸರಳು ಹಿಡಿದುಕೊಂಡರು. ಅವಳು ಅವರನ್ನು ಒಳಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಹೊದಿಕೆ, ವೈಪರು, ಮಂಚದ ಕಾಲು, ಟ್ಯಾಂಕು.

"ಅಪಘಾತ ಏನೂ ಆಗಿಲ್ಲ ಅತ್ತೆ. ಯಾರೂ ಏನೂ ಮಾಡಿಲ್ಲ. ಅವರಾಗೇ ಹೋಗಿದ್ದಾರೆ. ಬದುಕಿದ್ದಾರೆ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅತ್ತು ಮುಗಿಸಿ, "ಹಸಿವಾಗ್ತಿದೆ ಕಣೆ" ಎಂದರು. ಸೊಸೆ ಬಿಸಿ ಅನ್ನ ಹಾಕಿದಳು. ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಕಣ್ಣಲ್ಲಿ ಎಂದೂ ಇಲ್ಲದ ಕಳೆ ಬಂತು. ಅದನ್ನು ನೋಡುತ್ತಾ ಅವಳು ತನ್ನ ಸಂಕಟವನ್ನು ಒಂದು ಗಳಿಗೆ ಮರೆತಳು, ನಿಜಕ್ಕೂ ಮರೆತಳು.

ಕೈತೊಳೆದು ಬಂದು ಅತ್ತೆ ಮತ್ತೆ ಕುರ್ಚಿಯಲ್ಲಿ ಕೂತರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಏನಂದಿದ್ದೆ ಅವನಿಗೆ?"

"ಏನೂ ಅಂದಿಲ್ಲ ಅತ್ತೆ."

"ಸುಮ್ಸುಮ್ನೆ ಹೋಗೋ ಹುಡುಗ ಅಲ್ಲ ಅವನು. ನನಗೂ ಹೇಳ್ದೆ ಹೋಗಿದ್ದಾನೆ ಅಂದ್ರೆ, ನನ್ನ ಹತ್ರ ಹೇಳೋಕಾಗದಂಥದ್ದು ಏನೋ ನಿಮ್ಮಿಬ್ಬರ ಮಧ್ಯೆ ಆಗಿದೆ. ನೆನಪು ಮಾಡ್ಕೋ."

"ಬ್ರೆಡ್ ತನ್ನಿ ಅಂದಿದ್ದೆ."

ಅತ್ತೆ ತಲೆಯಾಡಿಸಿದರು. ನಂಬದವರು ತಲೆಯಾಡಿಸುವ ರೀತಿಯೇ ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಲೋಕಕ್ಕೆ ಹೊಸದಲ್ಲ, ಆದರೆ ಬರೆ ಹಾಕುತ್ತಿರುವ ಈ ಕೈ ಶವಾಗಾರದಲ್ಲಿ ತನ್ನ ಕೈ ಹಿಡಿದಿದ್ದ ಕೈ ಎಂಬುದನ್ನು ಅವಳಿಗೆ ತಡೆಯಲಾಗಲಿಲ್ಲ. ಮಗ ಸತ್ತಿರಬಹುದು ಎಂಬ ಭಯ ಇದ್ದಷ್ಟು ದಿನ ಅವರು ಅವಳ ತಾಯಿಯಾಗಿದ್ದರು. ಅವನನ್ನು ಬದುಕಿಸಿ ತಂದು ಕೊಟ್ಟವಳು ಅವಳೇ. ಬದುಕಿರುವ ಮಗ ತಪ್ಪು ಮಾಡುವುದು ಸಾಧ್ಯವಿಲ್ಲ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ತೊಳೆದಳು.

ಕತ್ತಲಾಗುವ ಮೊದಲೇ ಅತ್ತೆ ತಮ್ಮ ಹಾಸಿಗೆ ಸುತ್ತಿಕೊಂಡು ಎದ್ದರು. ಅವಳು ಸಹಾಯಕ್ಕೆ ಹೋದರೆ ಬೇಡ ಎಂದು ಕೈ ಸರಿಸಿ, ಹೊಸ ಬಲ ಬಂದವರಂತೆ ತಾವೇ ಹೊತ್ತುಕೊಂಡು ತಮ್ಮ ಹಳೆಯ ಕೋಣೆಗೆ ನಡೆದರು. ಬಾಗಿಲಲ್ಲಿ ನಿಂತು ತಿರುಗಿದರು.

"ಅವನು ಬಂದಾಗ ನೀನು ಎದುರಿಗೆ ಬರಬೇಡ. ಮೊದಲು ನಾನು ಮಾತಾಡ್ತೀನಿ."

"ಆಗಲಿ ಅತ್ತೆ" ಎಂದಳು ಅವಳು.